ಹಾಸನದಲ್ಲೇ ಇದ್ದು ಅಪ್ಲೈಡ್ ರಿಸರ್ಚ್ ಮಾಡಬಹುದಾ?

ನೀವು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷ ಮುಗಿಸಿದ್ದೀರಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಎಲೆಯ ಫೋಟೋ ನೋಡಿ ಕಾಫಿ ರೋಗ ಹೇಳುವ ಆ್ಯಪ್ ಮಾಡೋಣ ಅಂತ ನಿಮ್ಮ ಗುಂಪಿನವರು ಹೇಳುತ್ತಿದ್ದಾರೆ. ಅದು ರಿಸರ್ಚ್ ಅನ್ನಿಸಿಕೊಳ್ಳುತ್ತಾ, ಬೆಂಗಳೂರಿಗೆ ಹೋಗದೆ ನಿಜವಾದ ಅಪ್ಲೈಡ್ ರಿಸರ್ಚ್ ಮಾಡಲು ಆಗುತ್ತಾ ಅಂತ ಕೇಳಿದ್ದೀರಿ.

ಆಗುತ್ತದೆ. ನಾನು ಮೂಡಿಗೆರೆ ಕಡೆಯವಳು. ಹಾಸನದಲ್ಲಿ ಎಂ.ಟೆಕ್ ಮಾಡಿದೆ, ಈಗ ಚಿಕ್ಕಮಗಳೂರು ಜಿಲ್ಲೆಯಲ್ಲೇ ಪಾಠ ಮಾಡುತ್ತೇನೆ. ಕಾಫಿಯ ತೇವಾಂಶ ಅಳೆಯುವ ಒಂದು ಸಣ್ಣ ಉಪಕರಣದ ಹಿಂದೆ ಐದು ಕೊಯ್ಲು ಕಳೆದಿದ್ದೇನೆ. ಅಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಎಲೆ ಫೋಟೋ ವಿಷಯ. ಇಂಥ ಪ್ರಾಜೆಕ್ಟುಗಳಲ್ಲಿ ಜಾಸ್ತಿ ಬಳಕೆಯಾಗುವುದು ಪ್ಲಾಂಟ್‌ವಿಲೇಜ್ ಅನ್ನುವ ಫೋಟೋ ಸಂಗ್ರಹ. ಅದರಲ್ಲಿ 54,306 ಫೋಟೋಗಳಿವೆ, 14 ಬೆಳೆಗಳಿವೆ. ಸೇಬು, ದ್ರಾಕ್ಷಿ, ಟೊಮ್ಯಾಟೊ, ಆಲೂಗಡ್ಡೆ ಎಲ್ಲ ಇವೆ. ಕಾಫಿ ಇಲ್ಲ, ಅಡಿಕೆ ಇಲ್ಲ, ಕಾಳುಮೆಣಸೂ ಇಲ್ಲ. 2016ರಲ್ಲಿ ಈ ಸಂಗ್ರಹದ ಮೇಲೆ ಬಂದ ಹೆಸರಾಂತ ಪೇಪರಿನಲ್ಲಿ ನಿಖರತೆ ಶೇ. 99.35 ಇತ್ತು. ಎಲ್ಲರೂ ಆ ಅಂಕಿಯನ್ನು ಎತ್ತಿ ಹೇಳುತ್ತಾರೆ. ಆದರೆ ಅದೇ ಪೇಪರಿನಲ್ಲಿ ಇನ್ನೊಂದು ಅಂಕಿಯೂ ಇದೆ. ಫೋಟೋ ನೋಡಿ ರೋಗ ಹೇಳಲು ಕಲಿಸಿದ ಅದೇ ಮಾಡೆಲ್‌ಗೆ ಬೇರೆ ಕಡೆ ತೆಗೆದ ಫೋಟೋಗಳನ್ನು ಕೊಟ್ಟಾಗ ನಿಖರತೆ ಶೇ. 31ರ ಆಸುಪಾಸಿಗೆ ಬಿತ್ತು. ಮುಂದೆ 2022ರಲ್ಲಿ ಇನ್ನೊಬ್ಬರು ಎಲೆಯನ್ನು ನೋಡಲೇ ಇಲ್ಲ. ಫೋಟೋದ ಹಿನ್ನೆಲೆಯಿಂದ ಬರೀ ಎಂಟು ಪಿಕ್ಸೆಲ್ ತೆಗೆದುಕೊಂಡು ಮಾಡೆಲ್‌ಗೆ ಕಲಿಸಿದರು. ಅದು ಶೇ. 49ರಷ್ಟು ಸರಿ ಹೇಳಿತು! ಸುಮ್ನೆ ಕಣ್ಣುಮುಚ್ಚಿ ಊಹಿಸಿದರೆ ಬರುವುದು ಶೇ. 2.6. ಅಂದರೆ ಮಾಡೆಲ್ ಕಲಿತದ್ದರಲ್ಲಿ ರೋಗದ ಜೊತೆಗೆ ಎಲೆಯ ಹಿಂದಿದ್ದ ನೆಲದ ಬಣ್ಣ, ಬೆಳಕು ಕೂಡ ಇದ್ದವು.

ಕಾಫಿ ಎಲೆಯ ಸಂಗ್ರಹಗಳು ಬೇರೆ ಇವೆ, ನಿಜ. ಒಂದು ಬ್ರೆಜಿಲ್‌ನದು, ಒಂದು ಈಕ್ವೆಡಾರ್‌ನದು. ಆದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಎಲೆಯ ಕೆಳಗೆ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ ಅಂತ ನಮ್ಮ ತೋಟದಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅವರಿಗೆ ಗೊತ್ತಿರುವುದನ್ನೇ ಅವರಿಗೆ ಹೇಳಲು ಆ್ಯಪ್ ಯಾಕೆ? ಗೊತ್ತಾಗದೆ ಒದ್ದಾಡುವ ವಿಷಯಗಳು ಬೇರೆಯೇ ಇವೆ. ಅರೇಬಿಕಾ ಜಾತಿಯ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳುವನ್ನೇ ತೆಗೆದುಕೊಳ್ಳಿ. ಹುಳು ತಿಂಗಳುಗಟ್ಟಲೆ ಕಾಂಡದ ಒಳಗೇ ಕೂತು ತಿನ್ನುತ್ತದೆ. ಹೊರಗೆ ತೊಗಟೆಯ ಮೇಲೆ ಉಬ್ಬು ಗೆರೆ ಕಂಡರೆ ಕಂಡಂತೆ, ಇಲ್ಲದಿದ್ದರೆ ಇಲ್ಲ. ಸಿಕ್ಕ ಗಿಡವನ್ನು ಕಿತ್ತು ಸುಡುವುದೇ ದಾರಿ. ಕಾಂಡ ಕೊರೆಯುವ ಸಪ್ಪಳವನ್ನೋ ನಡುಕವನ್ನೋ ಹಿಡಿದು, ಗಿಡ ಹಳದಿಯಾಗುವ ಮೊದಲೇ ಹುಳು ಇದೆ ಅಂತ ಹೇಳಿದರೆ ಅದು ರಿಸರ್ಚ್.

ರಿಸರ್ಚಾ ಅಲ್ಲವಾ ಅನ್ನುವುದಕ್ಕೆ ಒಂದು ಸರಳ ಗೆರೆ ಇದೆ. ದೇಶಗಳು ಸಂಶೋಧನೆಯ ಲೆಕ್ಕ ಇಡಲು ಬಳಸುವ ಫ್ರಸ್ಕಾಟಿ ಕೈಪಿಡಿ 1963ರಿಂದ ಇದೆ. ಅದರ ಪ್ರಕಾರ ಅಪ್ಲೈಡ್ ರಿಸರ್ಚ್ ಅನ್ನಿಸಿಕೊಳ್ಳಲು ಹೊಸದಾಗಿ ಏನಾದರೂ ತಿಳಿಯಬೇಕು, ಆ ತಿಳಿವಳಿಕೆ ಒಂದು ನಿರ್ದಿಷ್ಟ ಉಪಯೋಗದ ಕಡೆ ಮುಖ ಮಾಡಿರಬೇಕು. ಎರಡೂ ಬೇಕು. ಇದ್ದ ಮಾಡೆಲ್, ಇದ್ದ ಫೋಟೋ, ಅದಕ್ಕೊಂದು ಆ್ಯಪ್ ಅಂದರೆ ಕಲಿಕೆಗೆ ಒಳ್ಳೆಯದೇ. ಆದರೆ ಹೊಸದಾಗಿ ತಿಳಿದದ್ದು ಏನೂ ಇಲ್ಲ.

ಇನ್ನು ನನ್ನ ಕತೆ. ಚಿಕ್ಕಪ್ಪನ ತೋಟದಲ್ಲಿ ಒಂದು ಜನವರಿ ಕಣದ ಹತ್ತಿರ ನಿಂತಿದ್ದೆ. ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಬೀಜ, ಅಂದರೆ ಪಾರ್ಚ್‌ಮೆಂಟ್, ಹರಡಿತ್ತು. ಆ ಕಡೆ ಚೆರಿ, ಅಂದರೆ ಸಿಪ್ಪೆ ಸಮೇತದ ಇಡೀ ಹಣ್ಣು, ಒಣಗುತ್ತಿತ್ತು. ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಅಣ್ಣ ಒಂದು ಹಿಡಿ ಚೆರಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರು. ಗಲಗಲ ಅಂದರೆ ಒಣಗಿದೆ. ಪಾರ್ಚ್‌ಮೆಂಟಿಗೆ ಬೇರೆ ಲೆಕ್ಕ. 40 ಲೀಟರ್ ಹಿಡಿಯುವ ಡಬ್ಬ, ಫಾರ್ಲಿಟ್ ಅಂತಾರೆ, ಅದರಲ್ಲಿ ತುಂಬಿ ತೂಗುವುದು. ಇವತ್ತಿನ ತೂಕ, ನಾಳಿನ ತೂಕ ಒಂದೇ ಬಂದರೆ ಚೀಲಕ್ಕೆ ತುಂಬಬಹುದು. ಆ ವರ್ಷ ನಮ್ಮ ಕಾಫಿ ಹಸಿಯಾಗಿದೆ ಅಂತ ಕೊಳ್ಳುವವರು ದುಡ್ಡು ಕಡಿದಿದ್ದರು. ಹಿಂದಿನ ವರ್ಷ ಅದೇ ಭಯಕ್ಕೆ ಚಿಕ್ಕಪ್ಪ ಮೂರು ದಿನ ಜಾಸ್ತಿ ಒಣಗಿಸಿದ್ದರು. ಅದೂ ನಷ್ಟವೇ. ಲೆಕ್ಕ ಹಾಕಿ ನೋಡಿ. ಪಾರ್ಚ್‌ಮೆಂಟಿನಲ್ಲಿ ಇರಬೇಕಾದ ತೇವಾಂಶ ಶೇ. 10. 50 ಕೆ.ಜಿ. ಚೀಲದಲ್ಲಿ ಒಣ ಪದಾರ್ಥ 45 ಕೆ.ಜಿ. ಅದನ್ನು ಶೇ. 8ಕ್ಕೆ ಒಣಗಿಸಿದರೆ ಚೀಲ 48.9 ಕೆ.ಜಿ. ಆಗುತ್ತದೆ. ಒಂದು ಚೀಲಕ್ಕೆ ಒಂದು ಕೆ.ಜಿ.ಗಿಂತ ಜಾಸ್ತಿ ಗಾಳಿಗೆ ಹೋಯಿತು. ಹಸಿ ಉಳಿದರೆ ಬೂಷ್ಟು, ಅದರಿಂದ ಓಕ್ರಾಟಾಕ್ಸಿನ್ ಅನ್ನುವ ವಿಷ. ನಮ್ಮ ಕಾಫಿ ತುಂಬಾ ಹೋಗುವುದು ಯುರೋಪಿಗೆ. ಅಲ್ಲಿ ಹುರಿದ ಕಾಫಿಗೆ ಅದರ ಮಿತಿ ಕೆ.ಜಿ.ಗೆ 5 ಮೈಕ್ರೋಗ್ರಾಂ ಇತ್ತು, 2023ರಿಂದ 3ಕ್ಕೆ ಇಳಿಸಿದ್ದಾರೆ.

ಹಾಗಾಗಿ ಸಮಸ್ಯೆ ಸ್ಪಷ್ಟವಾಗಿತ್ತು: ಕಣದಲ್ಲೇ, ರೈಟರ್ ಅಣ್ಣನ ಕೈಗೆ, ನಂಬುವಂಥ ಒಂದು ಅಂಕಿ ಬೇಕು.

ಅಳೆಯುವ ತತ್ವ ಹಳೆಯದು. ಒಂದು ಪದಾರ್ಥ ವಿದ್ಯುತ್ ಚಾರ್ಜ್ ಹಿಡಿದಿಡಲು ಎಷ್ಟು ನೆರವಾಗುತ್ತದೆ ಅನ್ನುವುದನ್ನು ಹೇಳುವ ಅಂಕಿ ಡೈಎಲೆಕ್ಟ್ರಿಕ್ ಸ್ಥಿರಾಂಕ. ನೀರಿನದು ಸುಮಾರು 80, ಒಣ ಕಾಳಿನದು ಐದರೊಳಗೆ. ಎರಡು ಲೋಹದ ತಟ್ಟೆಗಳ ನಡುವೆ ಬೀಜ ತುಂಬಿದರೆ, ನೀರು ಜಾಸ್ತಿ ಇದ್ದಷ್ಟೂ ಕೆಪಾಸಿಟನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಜಾಸ್ತಿ. ಪೇಟೆಯಲ್ಲಿ ಸಿಗುವ ಮೀಟರುಗಳಲ್ಲೂ ಬಹಳಷ್ಟು ಹೀಗೇ ಅಳೆಯುತ್ತವೆ. ನಾನು ಕಡಿಮೆ ಖರ್ಚಿನಲ್ಲಿ ಒಂದು ಮಾಡಿ, ಮಷೀನ್ ಲರ್ನಿಂಗ್ ಸೇರಿಸಿದೆ. ಇನ್ನೂರು ಸ್ಯಾಂಪಲ್ ತೆಗೆದೆ. ಪ್ರತಿಯೊಂದಕ್ಕೂ ನಿಜವಾದ ಉತ್ತರ ಬೇಕಲ್ಲ, ಅದಕ್ಕೆ ಓವನ್. ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ವಿಧಾನದಲ್ಲಿ ಹಸಿರು, ಅಂದರೆ ಹುರಿಯದ, ಬೀಜವನ್ನು 105 ಡಿಗ್ರಿಯಲ್ಲಿ 16 ಗಂಟೆ ಇಟ್ಟು, ಕಳೆದುಕೊಂಡ ತೂಕ ನೋಡಬೇಕು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಇನ್ನೂರು ಸ್ಯಾಂಪಲ್ಲಿಗೆ ಎರಡು ತಿಂಗಳು ಹೋಯಿತು. ಈ ಕೆಲಸವನ್ನು ದಯವಿಟ್ಟು ಬೇರೆಯವರ ತಲೆಗೆ ಕಟ್ಟಬೇಡಿ. ನನ್ನ ಅಂಕಿಗಳ ಮೇಲೆ ನನಗೆ ನಂಬಿಕೆ ಬಂದದ್ದು ಆ ಓವನ್ ಮುಂದೆ ಕೂತ ರಾತ್ರಿಗಳಿಂದ.

ಲ್ಯಾಬಿನಲ್ಲಿ ಫಲಿತಾಂಶ ಚೆನ್ನಾಗಿತ್ತು. ತಪ್ಪು ಅರ್ಧ ಪರ್ಸೆಂಟಿನೊಳಗೆ. ಕಣಕ್ಕೆ ತಗೊಂಡು ಹೋದೆ. ಬೆಳಗ್ಗೆ ಟಾರ್ಪಾಲು ತೆಗೆದಾಗ ಒಂದು ರಾಶಿ 13 ತೋರಿಸಿತು. ಮಧ್ಯಾಹ್ನ ಎರಡು ಗಂಟೆಗೆ ಅದೇ ರಾಶಿ 15!

ರೈಟರ್ ಅಣ್ಣ ಮೀಟರ್ ನೋಡಿದರು, ನನ್ನ ಮುಖ ನೋಡಿದರು. "ಏನಮ್ಮಾ, ಬಿಸಿಲಲ್ಲಿ ಹಾಕಿದ್ರೆ ಕಾಫಿ ಹಸಿ ಆಗುತ್ತಾ?" ಅಂದರು. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು.

ಕಾರಣ ಶಾಖ. ಬಿಸಿ ಬೀಜದ ಕೆಪಾಸಿಟನ್ಸ್ ಏರುತ್ತದೆ, ಮೀಟರ್ ಅದನ್ನು ನೀರು ಅಂತ ತಿಳಿಯುತ್ತದೆ. ಲ್ಯಾಬಿನಲ್ಲಿ ಎಲ್ಲ ಬೀಜವೂ ಒಂದೇ ಶಾಖದಲ್ಲಿತ್ತು, ಹಾಗಾಗಿ ಕಂಡಿರಲಿಲ್ಲ. ಜನವರಿಯ ಮಲೆನಾಡಿನಲ್ಲಿ ಬೆಳಗ್ಗೆ ಕೈ ಕೊರೆಯುತ್ತದೆ, ಮಧ್ಯಾಹ್ನ ಕಣದ ಸಿಮೆಂಟ್ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಶಾಖ ಅಳೆಯುವ, ಕೆಲವೇ ರೂಪಾಯಿಯ ಥರ್ಮಿಸ್ಟರ್ ಒಂದನ್ನು ಬೀಜದ ನಡುವೆ ಇಟ್ಟು, ಲೆಕ್ಕದಲ್ಲಿ ಶಾಖವನ್ನೂ ಸೇರಿಸಿದೆ. ಆ ತೊಂದರೆ ಹೋಯಿತು.

ಎರಡನೆಯದು ಹೊಳೆದದ್ದು ನನಗಲ್ಲ. ಒಂದೇ ರಾಶಿಯಿಂದ ಮೂರು ಸಲ ತುಂಬಿದರೆ ಮೂರು ಅಂಕಿ ಬರುತ್ತಿತ್ತು. ನಾನು ಸರ್ಕ್ಯೂಟಿನಲ್ಲಿ ತಪ್ಪು ಹುಡುಕುತ್ತಾ ಕೂತಿದ್ದೆ. ರೈಟರ್ ಅಣ್ಣ ನಾನು ತುಂಬುವುದನ್ನೇ ನೋಡಿ, "ಒಂದ್ಸಲ ಮೆಲ್ಲಗೆ ಸುರೀತೀಯ, ಒಂದ್ಸಲ ಕುಟ್ಟಿ ತುಂಬ್ತೀಯ. ಸೇರು ಅಳೆಯೋದು ಹಾಗಲ್ಲ" ಅಂದರು. ಡಬ್ಬಕ್ಕೆ ಒಂದೇ ಎತ್ತರದಿಂದ ಸುರಿದು, ಅಲ್ಲಾಡಿಸದೆ, ಮೇಲೆ ಕಡ್ಡಿ ಎಳೆದು ತೋರಿಸಿದರು. ಬೀಜ ಒತ್ತಾಗಿ ಕೂತರೆ ತಟ್ಟೆಗಳ ನಡುವೆ ಪದಾರ್ಥ ಜಾಸ್ತಿ, ಅಂಕಿ ಜಾಸ್ತಿ. ಅವತ್ತಿಂದ ಉಪಕರಣದ ಮೇಲೆ ಒಂದು ಆಲಿಕೆ, ಪಕ್ಕದಲ್ಲಿ ಕಡ್ಡಿ, ಕೆಳಗೆ ತೂಕ ಅಳೆಯುವ ಲೋಡ್‌ಸೆಲ್ ಬಂತು. ಫಾರ್ಲಿಟ್ಟಿನಲ್ಲಿ ಅವರು ವರ್ಷಗಳಿಂದ ಮಾಡುತ್ತಿದ್ದದ್ದನ್ನೇ ನಾನು ಡಬ್ಬದೊಳಗೆ ಸೇರಿಸಿದೆ, ಅಷ್ಟೇ.

ಮೂರನೆಯದು ಪೂರ್ತಿ ನನ್ನ ತಪ್ಪು, ಕಂಪ್ಯೂಟರ್ ಸೈನ್ಸಿನವರಾದ ನಿಮಗೆ ಇದು ಮುಖ್ಯ. ಮುಂದಿನ ವರ್ಷ ಸಕಲೇಶಪುರದ ಹತ್ತಿರ ರೊಬಸ್ಟಾ ಅನ್ನುವ ಇನ್ನೊಂದು ಜಾತಿಯ ಕಾಫಿಯ ತೋಟಕ್ಕೆ ಹೋದಾಗ ಮಾಡೆಲ್ ಮೂರು ಪರ್ಸೆಂಟಿನವರೆಗೂ ತಪ್ಪು ಹೇಳಿತು. ಯಾಕೆ? ಇನ್ನೂರು ಸ್ಯಾಂಪಲ್ಲುಗಳನ್ನು ನಾನು ಕಲೆಸಿ, ಶೇ. 80 ಕಲಿಸಲು, 20 ಪರೀಕ್ಷೆಗೆ ಅಂತ ಹಂಚಿದ್ದೆ. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಒಂದೇ ರಾಶಿಯಿಂದ ಒಂದೇ ದಿನ ತೆಗೆದ ಹತ್ತು ಸ್ಯಾಂಪಲ್ಲಿನಲ್ಲಿ ಎಂಟು ಈ ಕಡೆ, ಎರಡು ಆ ಕಡೆ ಬಿದ್ದಿದ್ದವು. ಪರೀಕ್ಷೆಯ ಉತ್ತರ ಮಾಡೆಲ್‌ಗೆ ಮೊದಲೇ ಗೊತ್ತಿತ್ತು ಅಂದಂತೆ. ಆಮೇಲೆ ಒಂದು ತೋಟವನ್ನು ಪೂರ್ತಿ ಬದಿಗಿಟ್ಟು, ಉಳಿದ ತೋಟಗಳಿಂದ ಕಲಿಸಿ, ಬದಿಗಿಟ್ಟದ್ದರ ಮೇಲೆ ಪರೀಕ್ಷಿಸಿದೆ. ಹೀಗೆ ಸರದಿಯಲ್ಲಿ ಎಲ್ಲ ತೋಟಕ್ಕೂ. ಆಗ ನನ್ನ ದೊಡ್ಡ ಮಾಡೆಲ್ ಸೋತಿತು. ಕೆಪಾಸಿಟನ್ಸ್, ಶಾಖ, ತೂಕ ಈ ಮೂರನ್ನಿಟ್ಟು ಬರೆದ ಒಂದು ಸಾಲಿನ ಸಮೀಕರಣ ಗೆದ್ದಿತು. ಅದು ಅಗ್ಗದ ಮೈಕ್ರೋಕಂಟ್ರೋಲರಿನಲ್ಲಿ ಬ್ಯಾಟರಿ ಮೇಲೆ ಓಡುತ್ತದೆ. ಅರೇಬಿಕಾ ಪಾರ್ಚ್‌ಮೆಂಟಿಗೆ ಒಂದು, ರೊಬಸ್ಟಾ ಚೆರಿಗೆ ಒಂದು, ಹೀಗೆ ಬೇರೆ ಬೇರೆ ಗುಣಾಂಕ ಬೇಕು ಅಷ್ಟೇ.

ಇಷ್ಟು ಹೇಳಿದ್ದು ಯಾಕೆಂದರೆ, ಈ ಮೂರು ತಪ್ಪೂ ಬೆಂಗಳೂರಿನ ಲ್ಯಾಬಿನಲ್ಲಿ ಕೂತಿದ್ದರೆ ನನಗೆ ಸಿಗುತ್ತಿರಲಿಲ್ಲ. ಕಣ ಒಂದೂವರೆ ಗಂಟೆ ದೂರದಲ್ಲಿತ್ತು, ಬೆಳಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ವಾಪಸ್ ಬರುತ್ತಿದ್ದೆ. ನಿಮಗೂ ಈ ಅನುಕೂಲ ಇದೆ.

ಈ ಊರುಗಳಲ್ಲಿ ದೊಡ್ಡ ಕೆಲಸ ಆಗಿಲ್ಲ ಅಂತಲೂ ಅಂದುಕೊಳ್ಳಬೇಡಿ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ನಿಮ್ಮ ಹಾಸನದಲ್ಲೇ ಇದೆ, ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವುದು ಅಲ್ಲಿಂದ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ 1925ರಲ್ಲಿ ಬೀಜ ಬಿದ್ದದ್ದು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದಿದ್ದರು. ನಮ್ಮ ತೋಟಗಳಲ್ಲಿ ಇವತ್ತಿಗೂ ಇರುವ ಎಸ್.795 ತಳಿ ಅಲ್ಲಿಂದ ಬಂದದ್ದು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ತೋರಿಸಿಕೊಟ್ಟವರೂ ಅದೇ ಕೋಲ್ಮನ್. ಮಳೆಗೆ ತೊಳೆದು ಹೋಗದಿರಲಿ ಅಂತ ಅದಕ್ಕೆ ರಾಳ ಸೇರಿಸುತ್ತಾರಲ್ಲ, ನನಗೆ ಅಪ್ಲೈಡ್ ರಿಸರ್ಚ್ ಅಂದಾಗ ಮೊದಲು ನೆನಪಾಗುವುದು ಆ ರಾಳ. ಔಷಧಿ ಸರಿಯಿದ್ದರೆ ಸಾಲದು, ಆಷಾಢದ ಮಳೆಯಲ್ಲಿ ಗೊನೆ ಮೇಲೆ ನಿಲ್ಲಬೇಕು.

ದುಡ್ಡಿನ ಬಗ್ಗೆ: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಫೈನಲ್ ಇಯರ್ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತದೆ. ಗೈಡ್ ಮೂಲಕ, ಕಾಲೇಜಿನಿಂದ ಅರ್ಜಿ ಹೋಗಬೇಕು. ಮೊತ್ತ ಸಣ್ಣದು, ಸೆನ್ಸರಿಗೆ ಮತ್ತು ಓಡಾಟಕ್ಕೆ ಸಾಕು. ಪೇಪರ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡು ಕಟ್ಟಿದರೆ ಹತ್ತು ದಿನದಲ್ಲಿ ಪ್ರಕಟಿಸುತ್ತೇವೆ ಅನ್ನುವವರ ಹತ್ತಿರವಂತೂ ಹೋಗಲೇಬೇಡಿ.

ಆಲೂರು ಕಡೆಯವರಾದರೆ ಆನೆ ಮುನ್ನೆಚ್ಚರಿಕೆಯ ವಿಷಯ ನೋಡಿ. ಅಲ್ಲಿ ಆನೆ ಬಂದರೆ ಮೊಬೈಲಿಗೆ ಸಂದೇಶ ಬರುವ ವ್ಯವಸ್ಥೆ ಇದೆ. ಸುಳ್ಳು ಎಚ್ಚರಿಕೆ ಜಾಸ್ತಿಯಾದರೆ ಜನ ನೋಡುವುದನ್ನೇ ಬಿಡುತ್ತಾರೆ, ಅದನ್ನು ತಗ್ಗಿಸುವುದೇ ಒಂದು ಒಳ್ಳೆಯ ಸಂಶೋಧನೆ. ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ಲೋರಾ ರೇಡಿಯೋ ಬಳಸುವುದಾದರೆ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಬೇಡ. ಆದರೆ ಡಬ್ಬದ ಮೇಲೆ ಬರೆದ ಕಿಲೋಮೀಟರುಗಳನ್ನು ನಂಬಬೇಡಿ. ಸಿಲ್ವರ್ ಓಕ್, ಹಾಲುವಾಣದ ನೆರಳಿನಲ್ಲಿ, ಇಳಿಜಾರಿನಲ್ಲಿ ನಡೆದು ನೀವೇ ಅಳೆಯಿರಿ.

ಕೊನೆಗೆ ಒಂದು ತುರ್ತಿನ ಮಾತು. ಕಾಲೇಜಿನ ಕ್ಯಾಲೆಂಡರ್ ಬೇರೆ, ತೋಟದ ಕ್ಯಾಲೆಂಡರ್ ಬೇರೆ. ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗುತ್ತದೆ, ರೊಬಸ್ಟಾ ಕಣ ಫೆಬ್ರವರಿ ಕಳೆಯುವಷ್ಟರಲ್ಲಿ ಬಹುತೇಕ ಖಾಲಿ. ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ನಿಮ್ಮ ಫೈನಲ್ ವೈವಾ ಮೇ ತಿಂಗಳಲ್ಲಿ. ಜನವರಿಯಲ್ಲಿ ಕೋಡ್ ಬರೆಯಲು ಕೂತರೆ ಪರೀಕ್ಷಿಸಲು ಕಾಫಿಯೇ ಇರುವುದಿಲ್ಲ, ಇನ್ನೊಂದು ವರ್ಷ ಕಾಯಬೇಕು. ಅದಕ್ಕೇ ಈ ಮಳೆಗಾಲದಲ್ಲೇ ಒಂದು ತೋಟಕ್ಕೆ ಹೋಗಿ ಬನ್ನಿ. ರೈಟರ್ ಹತ್ತಿರ ಕೂತು, ಹೋದ ವರ್ಷ ಕಣದಲ್ಲಿ ಏನು ಕೆಟ್ಟಿತು ಅಂತ ಕೇಳಿ. ಅಕ್ಟೋಬರ್ ಕೊನೆಗೆ ನಿಮ್ಮ ಉಪಕರಣ, ಎಷ್ಟೇ ಒರಟಾಗಿದ್ದರೂ, ಕೈಯಲ್ಲಿರಲಿ.