ಕಾಡಂಚಿನ ಮನೆಯ ಸುತ್ತ ಎಷ್ಟು ಜಾಗ ತೆರವಾಗಿರಬೇಕು?

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ಮನೆಯಿರುವವರು ಬೇಸಿಗೆಗೆ ಮುನ್ನ ಎಷ್ಟು ದೂರದವರೆಗೆ ಒಣಹುಲ್ಲು ತೆಗೆಸಬೇಕು, ಮತ್ತು ಏಕೆ ಎಂಬುದು ಪ್ರಶ್ನೆ. ಸುಮಾರು 30 ಮೀಟರ್‌ವರೆಗೆ ಹುಲ್ಲು, ತರಗೆಲೆ ತೆಗೆಸಿ. ಗೋಡೆಗೆ ಹತ್ತಿದ ಮೊದಲ ಒಂದೂವರೆ ಮೀಟರ್‌ನಲ್ಲಂತೂ ಉರಿಯುವ ವಸ್ತು ಯಾವುದೂ ಇರಬಾರದು.

ಕಾಳ್ಗಿಚ್ಚಿನಲ್ಲಿ ಅನೇಕ ಮನೆಗಳಿಗೆ ಬೆಂಕಿ ತಗಲುವುದು ಜ್ವಾಲೆಯಿಂದಲ್ಲ, ಗಾಳಿಯಲ್ಲಿ ತೇಲಿಬರುವ ಕಿಡಿಗಳಿಂದ. ಬೆಂಕಿ ಇನ್ನೂ ಗುಡ್ಡದ ಮೇಲಿರುವಾಗಲೇ ಒಂದು ಕಿಡಿ ಹಾರಿಬಂದು ಹೆಂಚಿನ ಸಂದಿನಲ್ಲಿ ಸೇರಿದ ತರಗಿನ ಮೇಲೋ, ಹಿತ್ತಲಲ್ಲಿ ಗೋಡೆಗೆ ಒರಗಿಸಿದ ತೆಂಗಿನ ಗರಿಯ ಮೇಲೋ ಬಿದ್ದು, ಯಾರ ಕಣ್ಣಿಗೂ ಬೀಳದೆ ಹೊಗೆಯಾಡುತ್ತಾ ಕೊನೆಗೆ ಸೂರನ್ನು ಹಿಡಿಯುತ್ತದೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದುದು ದನದ ಕೊಟ್ಟಿಗೆಗೆ ಆತುಕೊಂಡ ಬಣವೆ. ದಯವಿಟ್ಟು ಅದನ್ನು ಮೊದಲು ದೂರ ಸರಿಸಿ.

ಕ್ಯಾಲಿಫೋರ್ನಿಯಾದ ಕಾಳ್ಗಿಚ್ಚಿನ ಪ್ರದೇಶಗಳಲ್ಲಿ 100 ಅಡಿಯ ಇಂಥ ತೆರವನ್ನು ಕಾನೂನೇ ಕಡ್ಡಾಯಗೊಳಿಸಿದೆ. ನಮ್ಮ ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಮಾತ್ರವಲ್ಲ, ಕಾಡಿಗೆ ಅಪಾಯವಾಗುವಂತೆ ಬೆಂಕಿಯನ್ನು ಉರಿಯಲು ಬಿಟ್ಟುಹೋಗುವುದೂ ಅಪರಾಧ. ಆದ್ದರಿಂದ ಕಿತ್ತ ಹುಲ್ಲನ್ನು ಅಲ್ಲೇ ಸುಡದೆ ತಿಪ್ಪೆಗುಂಡಿಗೆ ಹಾಕಿ. ಆ 30 ಮೀಟರ್ ನಿಮ್ಮ ಗಡಿಯನ್ನು ದಾಟಿದರೆ ಅರಣ್ಯದ ಗಿಡಕ್ಕೆ ಕೈಹಾಕದೆ ವಲಯ ಅರಣ್ಯಾಧಿಕಾರಿಗೆ ಬರೆದುಕೊಡಿ. ಹೊಗೆ ಕಂಡ ಕೂಡಲೇ 112ಕ್ಕೆ ಕರೆ ಮಾಡಿ.