ಇಂಗ್ಲಿಷಿನ ‘ಹ್ಯಾವ್’, ಲ್ಯಾಟಿನ್ನಿನ ‘ಹಬೇರೆ’ ಒಂದೇ ಮೂಲದವೇ?

ಅಲ್ಲ. ಎರಡಕ್ಕೂ ‘ಹೊಂದಿರು’ ಎಂಬ ಅರ್ಥವಿದೆ, ಉಚ್ಚಾರವೂ ಹತ್ತಿರ, ಆದರೂ ನಂಟಿಲ್ಲ. ‘ಹ್ಯಾವ್’ ಮತ್ತು ಜರ್ಮನ್ನಿನ ‘ಹಾಬೆನ್’ಗೆ ಲ್ಯಾಟಿನ್ನಿನ ನಿಜವಾದ ಬಂಧು ‘ಕಪೆರೆ’, ಅಂದರೆ ‘ಹಿಡಿ’.

ಕಾರಣ ಧ್ವನಿ ಬದಲಾವಣೆ. ಈ ಭಾಷೆಗಳಿಗೆಲ್ಲ ತಾಯಿಯಾದ ಮೂಲ ಇಂಡೋ-ಯುರೋಪಿಯನ್ ಭಾಷೆಯ ಕಕಾರ ಲ್ಯಾಟಿನ್ನಿನಲ್ಲಿ ಹಾಗೇ ಉಳಿಯಿತು. ಇಂಗ್ಲಿಷ್, ಜರ್ಮನ್ ಸೇರಿರುವ ಜರ್ಮ್ಯಾನಿಕ್ ಕವಲಿನಲ್ಲಿ ಪದದ ಮೊದಲಿಗೆ ಹಕಾರವಾಯಿತು. ಕೊಂಬಿಗೆ ಲ್ಯಾಟಿನ್ನಿನಲ್ಲಿ ‘ಕೊರ್ನು’, ಇಂಗ್ಲಿಷಿನಲ್ಲಿ ‘ಹಾರ್ನ್’. ನೂರಕ್ಕೆ ‘ಕೆಂಟುಮ್’, ‘ಹಂಡ್ರೆಡ್’. ಹಳಗನ್ನಡದ ‘ಪಾಲ್’ ನಮ್ಮ ಬಾಯಲ್ಲಿ ‘ಹಾಲು’ ಆದಂತೆ ಇದೂ ಒಂದೆರಡು ಪದಗಳ ಆಕಸ್ಮಿಕವಲ್ಲ, ಸಾಲುಸಾಲಾಗಿ ನಡೆದದ್ದು. ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಈ ಬದಲಾವಣೆಗಳನ್ನು ನಿಯಮವಾಗಿ ವಿವರಿಸಿದ.

ಹಾಗಾಗಿ ಇಂಗ್ಲಿಷಿನ ಹಕಾರದ ಎದುರು ಲ್ಯಾಟಿನ್ನಿನಲ್ಲೂ ಹಕಾರವೇ ಕಂಡರೆ ಮೊದಲು ಅನುಮಾನಿಸಿ. ಆದರೆ ಎರವಲು ಪದಗಳಿಗೆ ಈ ಪರೀಕ್ಷೆ ಒಪ್ಪುವುದಿಲ್ಲ, ಅವು ಬದಲಾವಣೆ ಮುಗಿದ ಎಷ್ಟೋ ಕಾಲದ ಮೇಲೆ ಬಂದವು. ‘ಹ್ಯಾಬಿಟ್’ ಹಾಗೆ ಫ್ರೆಂಚಿನ ಮೂಲಕ ಬಂದದ್ದು. ಅದು ‘ಹಬೇರೆ’ಯ ಸ್ವಂತ ಕುಡಿಯೇ.

ಫ್ರೆಂಚಿನ ‘ಫೊ’, ಜರ್ಮನ್ನಿನ ‘ಫೊಯರ್’ ಎರಡೂ ಬೆಂಕಿಯೇ, ಅವೂ ಬಂಧುಗಳಲ್ಲ: ಮೊದಲನೆಯದು ಲ್ಯಾಟಿನ್ನಿನಲ್ಲಿ ಒಲೆಗಿದ್ದ ‘ಫೊಕುಸ್’ನಿಂದ ಬಂದದ್ದು, ಎರಡನೆಯದರ ಬಂಧು ಗ್ರೀಕಿನ ‘ಪುರ್’.