‘ಹಚ್ಚಲಾಯಿತು’ ಸರಿ, ಹಚ್ಚಿದ್ದು ಯಾರು?

ನಮಸ್ಕಾರ. ನೀವು ಕಳಿಸಿದ ‘ಗದ್ದುಗೆ ಮೇಲಿನ ದೇವರು’ ಲೇಖನ ಎರಡು ಸಲ ಓದಿದೆ. ಈಗಿನ ಸರ್ಕಾರಗಳ ಅಧಿಕಾರದ ಅಡಿಯಲ್ಲಿ ಹಳೇ ಧರ್ಮ, ಹಳೇ ಮೇಲು-ಕೀಳು ಇನ್ನೂ ಕೂತಿದೆ ಅನ್ನೋ ಮಾತು ಸರಿ, ಓದಿಕೊಂಡು ಬರೆದಿದ್ದೀರಿ, ಖುಷಿಯಾಯ್ತು. ಆದ್ರೆ ನಿಮ್ಮ ಕ್ರಿಯಾಪದಗಳು ನನಗೆ ಸಿಟ್ಟು ತರಿಸಿದವು.

‘2023ರಲ್ಲಿ ಬ್ರಿಟನ್ ದೊರೆಗೆ ಪವಿತ್ರ ತೈಲ ಹಚ್ಚಲಾಯಿತು.’ ಯಾರು ಹಚ್ಚಿದ್ರು? ಇಂಗ್ಲೆಂಡಿನ ಚರ್ಚಿನ ಹಿರಿಯ ಪಾದ್ರಿ ಕ್ಯಾಂಟರ್‌ಬರಿ ಆರ್ಚ್‌ಬಿಷಪ್, ಅದೂ ಪರದೆ ಮರೆಯಲ್ಲಿ, ಟಿವಿ ಕ್ಯಾಮೆರಾಗೂ ಕಾಣದ ಹಾಗೆ. ಆ ಆರ್ಚ್‌ಬಿಷಪ್‌ನ ನೇಮಿಸೋದು ಯಾರು? ಪ್ರಧಾನಿ ಸಲಹೆ ಮೇಲೆ ಅದೇ ಸಿಂಹಾಸನ. ಅಂದ್ರೆ ಓಟು ಪಡೆದು ಬಂದವರು ಸೂಚಿಸಿದ ಪಾದ್ರಿ, ದೇವರ ಕಡೆಯಿಂದ ಅಂತ ದೊರೆ ತಲೆಗೆ ಎಣ್ಣೆ ಹಚ್ತಾರೆ. ನೀವು ತೋರಿಸಬೇಕಿದ್ದಿದ್ದು ಈ ಸುತ್ತನ್ನೇ, ಅದನ್ನ ನಿಮ್ಮ ‘ಲಾಯಿತು’ ನುಂಗಿಬಿಟ್ಟಿದೆ.

‘1946ರಲ್ಲಿ ಜಪಾನ್ ಚಕ್ರವರ್ತಿಯ ದೈವತ್ವವನ್ನು ತೆಗೆದುಹಾಕಲಾಯಿತು.’ ಮತ್ತೆ ಅದೇ! ಯುದ್ಧ ಸೋತು, ಅಮೆರಿಕದ ಸೇನೆ ದೇಶದೊಳಗೆ ಕೂತಿದ್ದಾಗ, ಜನವರಿ 1ರಂದು ಚಕ್ರವರ್ತಿ ಹಿರೊಹಿತೊ ತನ್ನದೇ ಹೆಸರಲ್ಲಿ ಘೋಷಣೆ ಹೊರಡಿಸಿ ಚಕ್ರವರ್ತಿ ದೇವರು ಅನ್ನೋ ಕಲ್ಪನೆ ಸುಳ್ಳು ಅಂದ್ರು, ಆದ್ರೆ ತಾವು ಸೂರ್ಯದೇವತೆ ವಂಶ ಅನ್ನೋದನ್ನ ಅಲ್ಲಗಳೆಯಲಿಲ್ಲ. 2019ರಲ್ಲಿ ಪಟ್ಟಕ್ಕೆ ಬಂದ ಮೇಲೆ ಮೊಮ್ಮಗ ನರುಹಿತೊ ರಾತ್ರಿ ಹೊತ್ತು ಹೊಸ ಅಕ್ಕಿ ಅರ್ಪಿಸೋ ದೈಜೋಸೈ ಪೂಜೆ ಮಾಡಿದ್ದು ಸರ್ಕಾರದ ದುಡ್ಡಲ್ಲಿ, ಅದಕ್ಕೆ ಮೊದಲೇ ಆಕ್ಷೇಪ ಎತ್ತಿದ್ದು ಸ್ವಂತ ತಮ್ಮ. ಇಷ್ಟು ಜನ ಇರೋ ಕಡೆ ನೀವು ಒಬ್ಬರನ್ನೂ ಕಂಡಿಲ್ಲ.

ನಾನು ಪತ್ರಿಕೆ ಡೆಸ್ಕಿಗೆ ಸೇರಿದ ಹೊಸತರಲ್ಲಿ ಒಬ್ಬ ಹಿರಿಯರಿದ್ರು, ‘ಲಾಗಿದೆ’ ‘ಲಾಯಿತು’ ಕಂಡ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ‘ಯಾರು?’ ಅಂತ ಬರೆಯೋರು, ಬೇರೇನೂ ಹೇಳ್ತಿರಲಿಲ್ಲ. ನನ್ನ ಒಂದು ಪುಟದ ವರದಿಯಲ್ಲಿ ಏಳು ಕಡೆ ಬಿತ್ತು. ಆಫೀಸಿನ ಪ್ರಕಟಣೆಯಲ್ಲೇ ಹಾಗಿತ್ತು ಸರ್ ಅಂದೆ. ‘ಆದೇಶ ಕೊಟ್ಟೋನು ಬಚ್ಚಿಟ್ಕೊಂಡಿದ್ದಾನಯ್ಯ, ನೀನ್ಯಾಕೆ ಅವನಿಗೆ ಮರೆ ಹಿಡೀತೀಯ’ ಅಂದ್ರು. ಅವತ್ತು ಫೋನ್ ಮೇಲೆ ಫೋನ್ ಮಾಡಿ ಒಂದು ಹೆಸರು ತಿಳ್ಕೊಳ್ಳೋಕೆ ಸಂಜೆಯೆಲ್ಲ ಹಿಡೀತು, ಆ ಒಂದು ಹೆಸರಿಂದ ಸುದ್ದಿಯೇ ಬೇರೆ ಆಯ್ತು.

‘ಅಮೆರಿಕ ಅಧ್ಯಕ್ಷರ ಪ್ರಮಾಣವಚನಕ್ಕೆ ದೇವರ ಹೆಸರನ್ನು ಸೇರಿಸಲಾಗಿದೆ’ ಅನ್ನೋ ಸಾಲನ್ನ ನಾನು ತಿದ್ದಲ್ಲ. ಅವರ ಸಂವಿಧಾನದಲ್ಲಿರೋ ಪ್ರಮಾಣದಲ್ಲಿ ದೇವರ ಹೆಸರೇ ಇಲ್ಲ. ಯಾರು ಸೇರಿಸ್ಕೊಳ್ತಿದ್ದಾರೆ, ಯಾರ ಮುಂದೆ ನಿಂತು ಹೇಳ್ತಿದ್ದಾರೆ, ನೋಡಿ ಬರೆದು ಕಳಿಸಿ.